ಎರಡನೇ ಬೆಳೆಗೆ ನೀರಿಲ್ಲ, ಮಿಲ್ಲಿಗೆ ನೆಲ್ಲಿಲ್ಲ: ಮುಂಗಾರು ತನಕ ಮನೆ ಹೆಂಗೆ ನಡೆಸ್ತೀರಿ?

ಕಾಲುವೆ_ಕೊನೆ (ಸಿರುಗುಪ್ಪ ತಾಲೂಕು)

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯೋದು ಇದೇ ಮೊದಲು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ರಿ.

ನಮ್ಮೂರು ಕಾಲುವೆ ಕೊನೆಗೈತೆ. ನೀರು ಬಿಟ್ಟ ವರ್ಷನೂ ಮೇಲಿನೋರದ್ದೆಲ್ಲ ಆದ್ಮೇಲೇ ನಮಗೆ. ಈ ಸಲ ತುಂಗಭದ್ರಾ ಡ್ಯಾಮಿನ 33 ಗೇಟೂ ಹೊಸದು ಹಾಕಬೇಕು ಅಂತ ಎರಡನೇ ಬೆಳೆಗೆ ನೀರೇ ಇಲ್ಲ. ಹಾಕಬ್ಯಾಡ್ರಿ ಅಂತ ನಾನು ಹೇಳ್ತಿಲ್ಲ. 2024ರ ಆಗಸ್ಟ್‌ನಾಗೆ ಚೈನು ಹರಿದು 19ನೇ ಗೇಟು ಕೊಚ್ಚಿಕೊಂಡು ಹೋದಾಗ ನಮ್ಮೂರಾಗೆ ಎಷ್ಟೋ ಮಂದಿ ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ. ಹಾಕ್ಲಿ, ಗಟ್ಟಿ ಆಗ್ಲಿ. ಆದ್ರೆ ಮುಂಗಾರು ನಾಟಿ ತನಕ ನಾವು ಏನು ತಿನ್ನೋದು?

ನಮ್ಮನೆಯವರು ರೈಸ್ ಮಿಲ್ಲಾಗೆ ಹಮಾಲಿ. ನೆಲ್ಲು ಬರಲಿಲ್ಲ ಅಂದ್ರೆ ಎತ್ತಾಕೆ ಚೀಲ ಎಲ್ಲಿ? ವಾರಕ್ಕೆ ಎರಡು ದಿನ, ಜಾಸ್ತಿ ಅಂದ್ರೆ ಮೂರು ದಿನ ಕರೀತಾರೆ. ಎರಡು ಎಕರೆ ಲೀಸಿಗೆ ಮಾಡಿದ್ವಿ, ಅದು ಈಗ ಬೀಳು. ನಾನು ನಾಟಿ ಹಚ್ಚಾಕೆ, ಕಳೆ ತೆಗೆಯಾಕೆ ಗುಂಪಿನ ಜೊತೆ ಹೋಗ್ತಿದ್ದೆ, ಅದೂ ಬಂದ್. ಮಕ್ಕಳಿಬ್ಬರು ಸರ್ಕಾರಿ ಶಾಲಿಗೆ ಹೋಗ್ತಾರೆ. ಅತ್ತೆಗೆ ಸಕ್ಕರೆ ಕಾಯಿಲೆ.

ಸಾಲ: ಸಣ್ಣ ಸಾಲದ ಕಂಪನಿಗಳವು ಎರಡು. ತಿಂಗಳ ಕಂತು 2450 ಒಂದು, 1900 ಇನ್ನೊಂದು. ಮೇಲೆ ಊರಾಗೊಬ್ಬರ ಹತ್ರ ಕೈಸಾಲ 30 ಸಾವಿರ, ನೂರಕ್ಕೆ ಮೂರು ರೂಪಾಯಿ ಬಡ್ಡಿ.

ಬುದ್ಧಿ ಹೇಳೋರು ಊರಾಗೂ ಅದಾರೆ. ನೀವು ಏನು ಮಾಡಿ ದಾಟಿದ್ರಿ, ಅದನ್ನ ಹೇಳ್ರಿ.

ಸಜ್ಜಿ_ರೊಟ್ಟಿ (ಕೊಪ್ಪಳ)

ತಂಗಿ, ಮೊದಲ ಕಾಳು-ಕಡಿ ಮಾತು ಆಡೋಣ. ಸಾಲದ ಮಾತು ತಿಳಿದೋರು ಹಿಂದಾಗಡೆ ಹೇಳ್ತಾರ.

ರೊಕ್ಕ ಇಲ್ಲದಾಗ ನಾವು ಮಾಡೋ ತಪ್ಪು ಒಂದೈತಿ. ಇವತ್ತಿಂದು ಇವತ್ತ ತರೋದು. ಅರ್ಧ ಕೆ.ಜಿ ಹಿಟ್ಟು, ಹತ್ತು ರೂಪಾಯಿ ಎಣ್ಣಿ ಪಾಕೀಟು, ಇಪ್ಪತ್ತು ರೂಪಾಯಿ ಬ್ಯಾಳಿ. ಶ್ರೀಮಂತರಿಗಿಂತ ನಮಗ ಎಲ್ಲಾ ತುಟ್ಟಿ ಬೀಳೋದು ಇಲ್ಲೇ. ಈಗ ಬಿಳಿಜೋಳದ ರಾಶಿ ಬರೋ ಹೊತ್ತು. ನಾಲ್ಕು ಮನಿಯೋರು ಕೂಡಿ ಹೊಲದಾಗೇ ಒಂದೆರಡು ಕ್ವಿಂಟಲ್ ತಗೊಳ್ರಿ. ಕೈಯಾಗ ಪೂರ್ತಿ ರೊಕ್ಕ ಇಲ್ಲಂದ್ರ ಅರ್ಧ ಕೊಟ್ಟು ಅರ್ಧಕ್ಕ ರಾಶಿ ಕೆಲಸಕ್ಕ ನಿಂದರ್ರಿ. ಕಾಳು ಕೂಲಿ ಕೊಡೋ ರೈತರು ಇನ್ನೂ ಅದಾರ.

ತಂದ ಜೋಳ ಮೂರು ದಿನ ಬಿಸಲಿಗೆ ಹಾಕಬೇಕು. ಒಂದು ಕಾಳು ಹಲ್ಲಾಗ ಇಟ್ಟು ಕಡೀರಿ, ಕಟ್ ಅಂದ್ರ ಒಣಗೈತಿ, ಮೆತ್ತಗ ಅಂದ್ರ ಇನ್ನೊಂದು ಬಿಸಲು ಬೇಕು. ಬಿಸಿ ಇದ್ದಾಗ ಚೀಲ ಕಟ್ಟಬ್ಯಾಡ್ರಿ, ಬೆವತು ಮುಗ್ಗು ಹಿಡಿತೈತಿ. ಸಂಜಿ ಆರಿದ ಮ್ಯಾಲ ನೆಳ್ಳಾಗ ಒಣಗಿಸಿದ ಬೇವಿನ ಸೊಪ್ಪು ಪದರ ಪದರ ಹಾಕಿ ಕಟ್ಟಿ, ಕಲ್ಲಿನ ಮ್ಯಾಲ ಹಲಗಿ ಇಟ್ಟು ಅದರ ಮ್ಯಾಲ ಇಡ್ರಿ, ಗ್ವಾಡಿಗೆ ತಾಗಬಾರದು. ಬ್ಯಾಳಿಗೆ ಔಡಲೆಣ್ಣಿ ಸವರಿಡ್ರಿ, ಕೆ.ಜಿಗೆ ಒಂದು ಚಮಚ ಸಾಕು. ಸಜ್ಜಿ ಮಾತ್ರ ಒಮ್ಮೆಲೇ ಬೀಸಿ ಇಡಬ್ಯಾಡ್ರಿ, ನಾಲ್ಕೈದು ದಿನಕ್ಕ ಹಿಟ್ಟು ಕಹಿ ಆಗ್ತೈತಿ.

ಇನ್ನ ಒಲಿ. ನಮ್ಮ ಓಣ್ಯಾಗ ಲಾಕ್‌ಡೌನ್‌ನ್ಯಾಗ ಸುರು ಮಾಡಿದ್ದು ಇವತ್ತಿಗೂ ನಡದೈತಿ. ವಾರಕ್ಕ ಒಂದು ದಿನ ಒಬ್ಬರ ಮನ್ಯಾಗ ಒಲಿ. ನಾಲ್ಕೂ ಮನಿಯೋರು ತಮ್ಮ ತಮ್ಮ ಹಿಟ್ಟು, ಒಂದೊಂದು ಹೊರಿ ಕಟ್ಟಿಗಿ ತರೋದು. ಇಬ್ಬರು ಬಡಿಯೋದು, ಒಬ್ಬಾಕಿ ಬೇಯಿಸೋದು, ಒಬ್ಬಾಕಿ ಒಲಿ ಬುಡಕ್ಕ ಆನಿಸಿ ಕಟಿ ಮಾಡೋದು. ಮಧ್ಯಾಹ್ನದೊಳಗ ನೂರೈವತ್ತು ಖಡಕ್ ರೊಟ್ಟಿ. ಬಿಳಿ ಅರಿವ್ಯಾಗ ಸುತ್ತಿ ಬುಟ್ಟ್ಯಾಗ ಇಟ್ರ ತಿಂಗಳ ತನಕ ಏನೂ ಆಗಂಗಿಲ್ಲ. ಗ್ಯಾಸ್ ಬರೇ ಚಾಕ್ಕ, ಪಲ್ಲೆಕ್ಕ. ಎರಡು ತಿಂಗಳಿಗೊಮ್ಮೆ ತರ್ತಿದ್ದ ಸಿಲಿಂಡರು ಈಗ ನಾಲ್ಕು ತಿಂಗಳು ಬರ್ತೈತಿ.

ಹಿತ್ತಲ ಇದ್ರ ಪುಂಡಿ ಹಾಕ್ರಿ. ಬಚ್ಚಲ ನೀರಿಗೇ ಏಳ್ತೈತಿ. ಪುಂಡಿಪಲ್ಲೆ, ಶೇಂಗಾ ಹಿಂಡಿ, ಮಜ್ಜಿಗಿ ಇದ್ರ ಮಕ್ಕಳು ಬ್ಯಾರೇ ಏನೂ ಕೇಳಂಗಿಲ್ಲ. (ಕೇಳ್ತಾವ. ನನ್ನ ಮಮ್ಮಗ ದಿನಾ ನೂಡಲ್ಸ್ ಕೇಳ್ತಾನ. ಇರಲಿ.)

ಕರಿ_ಹೊಲ (ಸಿಂಧನೂರು)

ಅಕ್ಕಾ, ನಮ್ಮದೂ ಅದೇ ಹಾಡದ. ನಾಕು ಎಕರೆ ಸೋನಾ ಮಸೂರಿ ಮಾಡೋ ಹೊಲ ಈಗ ಬಿರುಕು ಬಿಟ್ಟು ನಿಂತದ. ಸ್ವಲ್ಪ ಮುಂಚೆ ಎಚ್ಚರಾಗಿ ಎರಡು ಎಕರೆದಾಗ ಕಡ್ಲಿ ಹಾಕಿದ್ದಕ್ಕ ಜೀವ ಉಳದದ. ಕಡ್ಲಿಗೆ ನೀರು ಬ್ಯಾಡ, ಕರಿಮಣ್ಣಿನ ಹಸಿ, ಚಳಿಗಾಲದ ಇಬ್ಬನಿ ಸಾಕು.

ನಾ ಹೇಳಬೇಕಂತ ಬಂದಿದ್ದು ಮುಯ್ಯಾಳಿನ ಸುದ್ದಿ. ನಮ್ಮಪ್ಪನ ಕಾಲಕ್ಕ ರೊಕ್ಕ ಕೊಟ್ಟು ಆಳು ಕರೆದದ್ದೇ ಕಡಿಮಿ. ಇವತ್ತು ನಿನ್ನ ಹೊಲಕ್ಕ ನಮ್ಮ ಮನಿಯೋರು ಇಬ್ಬರು, ನಾಳಿಗೆ ನಮ್ಮ ಹೊಲಕ್ಕ ನಿಮ್ಮೋರು ಇಬ್ಬರು. ನೀರಾವರಿ ಬಂತು, ಗುತ್ತಿಗಿ ಲೆಕ್ಕ ಬಂತು, ಮಷಿನ್ ಬಂತು, ಮುಯ್ಯಿ ಹೋತು. ಈ ಸಲ ಕಡ್ಲಿ ಕೀಳಾಕ ಕೂಲಿ ಕೊಡಾಕ ನನ್ನ ಹತ್ರ ರೊಕ್ಕ ಇಲ್ಲ, ಬಾಜು ಹೊಲದೋನ ಹತ್ರನೂ ಇಲ್ಲ. ಮೂರು ಮನಿಯೋರು ಕೂಡಿ ಮೂರೂ ಹೊಲ ಕಿತ್ತಿವಿ. ಮೊದಲನೇ ದಿನ ಮಾತೇ ಇಲ್ಲ, ಯಾಕಂದ್ರ ಬದುವಿನ ಜಗಳದಾಗ ಐದು ವರ್ಷ ಮಾತು ಬಿಟ್ಟಿದ್ವಿ. ಎರಡನೇ ದಿನ ಅವನ ಹೆಂಡ್ತಿ ಬುತ್ತಿ ಬಿಚ್ಚಿ ನಮ್ಮವ್ವಗ ಮೊದಲು ಕೊಟ್ಟಳು. ಅಲ್ಲಿಗೆ ಆತು.

ನಿಮ್ಮ ಕಡೆ ಗುಂಪು ಇದ್ರ ಕಡ್ಲಿ, ಜೋಳ ಇರೋ ಊರಿಗೆ ಬರ್ರಿ. ಹೆಣ್ಮಕ್ಕಳಿಗೆ ಬಸ್ ಪುಕ್ಕಟೆ ಅದ.

ನೇರ_ಮಾತು

ಸಿಟ್ಟಾಗಬೇಡಿ, ಒಂದು ಪ್ರಶ್ನೆ. ತಿಂಗಳಿಗೆ ಎರಡು ಸಾವಿರ ಬರುತ್ತೆ, ಅಕ್ಕಿ ಪುಕ್ಕಟೆ, ಬಸ್ಸು ಪುಕ್ಕಟೆ, ಇನ್ನೂರು ಯೂನಿಟ್ ತನಕ ಕರೆಂಟು ಪುಕ್ಕಟೆ. ಆದರೂ ಸಾಲ ಯಾಕೆ? ಮೂರು ಕಡೆ ಸಾಲ ಮಾಡುವ ಮುಂಚೆ ಯೋಚನೆ ಮಾಡಬೇಕಿತ್ತು. ಮದುವೆ, ಜಾತ್ರೆ, ಮೊಬೈಲಿಗೆ ಖರ್ಚು ಮಾಡಿ ಆಮೇಲೆ ಕಷ್ಟ ಅಂದರೆ ಹೇಗೆ?

ಕಾಲುವೆ_ಕೊನೆ

ಲೆಕ್ಕ ಕೇಳಿದ್ರಿ, ಹೇಳ್ತೀನಿ. ಮುಚ್ಚಿಡೋದೇನೂ ಇಲ್ಲ.

ಮೊದಲನೇ ಸಾಲ: ಲೀಸಿನ ಮುಂಗಡ, ಗೊಬ್ಬರ, ಬೀಜ. ಎರಡನೇದು: ಅತ್ತೆ ಕಾಲಿಗೆ ಹುಣ್ಣಾಗಿ ಬಳ್ಳಾರಿಗೆ ಹನ್ನೊಂದು ದಿನ ಓಡಾಡಿದ್ದು. ಆಪರೇಷನ್ನಿಗೆ ಕಾರ್ಡು ನಡೀತು, ಆದ್ರೆ ಜೊತೆಗಿದ್ದೋರ ಊಟ, ಆಟೋ, ಹೊರಗಿನ ಗುಳಿಗಿ, ಆ ಹನ್ನೊಂದು ದಿನದ ಕೂಲಿ, ಇವಕ್ಕೆ ಯಾವ ಕಾರ್ಡೂ ಇಲ್ಲ. ಮೂರನೇದು ಕೈಸಾಲ ಯಾಕಂದ್ರೆ, ಮೊದಲೆರಡರ ಕಂತು ಕಟ್ಟಾಕೆ. ಇದಕ್ಕೆ ಬೈರಿ, ಒಪ್ಕೋತೀನಿ.

ತಿಂಗಳಿಗೆ ಈಗ ಬರೋದು: ಅವರದ್ದು ಏಳು ಸಾವಿರ, ನನ್ನ ಕೂಲಿ ಸಿಕ್ಕರೆ ಎರಡು, ಗೃಹಲಕ್ಷ್ಮಿ ಎರಡು. ಅದು ಎಲ್ಲಾ ತಿಂಗಳೂ ತಾರೀಖಿಗೆ ಬರಲ್ಲ, ಕೂಡಿ ಕೂಡಿ ಬರ್ತೈತೆ. ಹನ್ನೊಂದು ಅನ್ರಿ. ಕಂತು 4350, ಬಡ್ಡಿ 900. ಉಳಿಯೋದು 5750. ಐದು ಮಂದಿ.

ಮದುವೆ ಖರ್ಚು ನಮ್ಮ ಮನೆಯಾಗೆ ಆಗಿದ್ದು ನಂದೇ, ಹದಿಮೂರು ವರ್ಷದ ಹಿಂದೆ.

ಉದ್ರಿ_ವಹಿ (ಗಂಗಾವತಿ)

ನಾನು ಕಿರಾಣಿ ಅಂಗಡಿಯವನು. ಇಪ್ಪತ್ತೆರಡು ವರ್ಷದಿಂದ ಉದ್ರಿ ಬರೀತಾ ಇದೀನಿ, ಹಂಗಾಗಿ ಕೌಂಟರಿನ ಈಚೆ ಕಡೆಯಿಂದ ಒಂದು ಮಾತು.

ನನ್ನ ವಹಿಯಲ್ಲಿ ಸುಮಾರು ಎಪ್ಪತ್ತು ಮನೆ ಇದಾವೆ. ಈ ಜನವರಿಯಿಂದ ಅದರಲ್ಲಿ ಎರಡು ಥರದ ಜನ ಕಾಣ್ತಾ ಇದಾರೆ. ಒಬ್ಬರು ಬಂದು "ಅಣ್ಣಾ, ಈ ಸಲ ಬೆಳೆ ಇಲ್ಲ, ಹಳೇದು ಯುಗಾದಿಗೆ ಆಗಲ್ಲ, ಮುಂಗಾರು ರಾಶಿಗೆ ಕೊಡ್ತೀವಿ, ತಿಂಗಳಿಗೆ ಐನೂರು ಮಾತ್ರ ತಪ್ಪಸಲ್ಲ" ಅಂತಾರೆ. ಅವರಿಗೆ ನಾನು ಅಕ್ಕಿ-ಬೇಳೆ ನಿಲ್ಲಿಸಿಲ್ಲ. ಬಿಸ್ಕೀಟು, ಶಾಂಪೂ ಉದ್ರಿ ಇಲ್ಲ ಅಂತ ಮುಖದ ಮೇಲೇ ಹೇಳೀನಿ, ಅವರೂ ಬೇಜಾರು ಮಾಡ್ಕೊಂಡಿಲ್ಲ. ಇನ್ನೊಬ್ಬರು ಬಾಕಿ ಹೆಚ್ಚಾದ ಕೂಡಲೇ ನಮ್ಮ ಓಣಿ ಬಿಟ್ಟು ಸುತ್ತು ಹಾಕಿ ಹೋಗ್ತಾರೆ. ಎರಡು ಸಾವಿರದ ಬಾಕಿಗೆ ನನ್ನ ಮುಖ ತಪ್ಪಿಸಿ, ಬೇರೆ ಅಂಗಡಿಯಲ್ಲಿ ರೊಕ್ಕ ಕೊಟ್ಟು ತರಾಕೆ ಬಡ್ಡಿಯವನ ಹತ್ರ ಹೋಗ್ತಾರೆ. ನನಗೆ ಬಡ್ಡಿ ಇಲ್ಲ, ಅವನಿಗೆ ಇದೆ. ಹೇಳಿದ್ದರೆ ಅಷ್ಟೂ ಉಳೀತಿತ್ತು.

ಮುಖ ತಪ್ಪಿಸುವ ಗಂಡಸರೇ ಜಾಸ್ತಿ. ಹೆಣ್ಣುಮಕ್ಕಳು ಬಂದು ನಿಂತು ಮಾತಾಡ್ತಾರೆ.

ನಮಗೂ ಹೋಲ್‌ಸೇಲಿನವರು ಹದಿನೈದು ದಿನದ ಮೇಲೆ ಬಿಡಲ್ಲ, ಅದನ್ನೂ ತಿಳ್ಕೊಳ್ರಿ. ನನ್ನ ಹೆಂಡತಿಯ ಪಾಟ್ಲಿ ಎರಡು ತಿಂಗಳಿಂದ ಬ್ಯಾಂಕಿನಲ್ಲಿದಾವೆ. ಗಿರಾಕಿಗಳಿಗೆ ಅದು ಗೊತ್ತಿಲ್ಲ.

ಕೌಂಟರ್_ನಂಬರ್_ಎರಡು (ರಾಯಚೂರು)

ನಾನು ಬ್ಯಾಂಕ್ ಉದ್ಯೋಗಿ. ಕಾಲುವೆ_ಕೊನೆ ಅಕ್ಕನವರ ಲೆಕ್ಕ ನೋಡಿದೆ. ನನ್ನ ಕಣ್ಣಿಗೆ ಬಿದ್ದದ್ದು ಹೇಳುತ್ತೇನೆ.

ಮೊದಲು ತೀರಿಸಬೇಕಾದದ್ದು ಕೈಸಾಲ. ನೂರಕ್ಕೆ ಮೂರು ಅಂದರೆ ಕೇಳೋಕೆ ಸಣ್ಣದು, ವರ್ಷಕ್ಕೆ ನೂರಕ್ಕೆ 36. ನೀವು ವರ್ಷಕ್ಕೆ 10,800 ಬಡ್ಡಿ ಕಟ್ಟಿದರೂ ಅಸಲು 30 ಸಾವಿರ ಹಾಗೇ ಕೂತಿರುತ್ತದೆ. ಮನೆಯಲ್ಲಿ ಚೂರು ಬಂಗಾರ ಇದ್ದರೆ ಬ್ಯಾಂಕಿನಲ್ಲಿ ಅಡ ಇಟ್ಟು ಇದನ್ನು ಚುಕ್ತಾ ಮಾಡಿ. ನೂರಕ್ಕೆ ವರ್ಷಕ್ಕೆ 10 ಅಂತ ಹಿಡಿದರೂ ಬಡ್ಡಿ ಮೂರು ಸಾವಿರ. ಉಳಿದ 7800 ನಿಮ್ಮದು. ಒಂದೇ ಎಚ್ಚರಿಕೆ: ವರ್ಷದೊಳಗೆ ಬಂದು ಬಡ್ಡಿ ಕಟ್ಟಿ ನವೀಕರಿಸಿಕೊಳ್ಳಿ, ಮರೆತರೆ ಹರಾಜಿನ ನೋಟೀಸು ಬರುತ್ತದೆ. ಊರಿನ ಅಡವಿನ ಅಂಗಡಿಯಲ್ಲಿ ಇಡಬೇಡಿ.

ಎರಡನೆಯದು ಕಂಪನಿಗಳ ಕಂತು. ಕಟ್ಟಲಾಗದ ತಿಂಗಳು ಬರುವ ಮುಂಚೆಯೇ ಶಾಖೆಗೆ ಹೋಗಿ ಲಿಖಿತವಾಗಿ ಕೊಡಿ: ಬೆಳೆ ಇಲ್ಲ, ಆದಾಯ ಇಷ್ಟು, ಕಂತು ಸಣ್ಣದು ಮಾಡಿ ಅವಧಿ ಹೆಚ್ಚಿಸಿ ಎಂದು. ನಕಲಿಗೆ ಸೀಲು ಹಾಕಿಸಿಕೊಳ್ಳಿ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಒಂದು ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಆ ಮನೆಯ ತಿಂಗಳ ಆದಾಯದ ಅರ್ಧ ಮೀರುವಂತೆ ಇಂಥ ಸಾಲ ಕೊಡುವಂತಿಲ್ಲ. ವಸೂಲಿಗೆ ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನು ಮಾಡುವಂತಿಲ್ಲ. ಬೈಯುವುದು, ಮನೆ ಮುಂದೆ ಕೂಗಾಡುವುದು, ನೆಂಟರಿಗೆ ಫೋನು ಮಾಡಿ ಪೀಡಿಸುವುದು ಯಾವುದೂ ಇಲ್ಲ. ಇದರ ಮೇಲೆ ನಮ್ಮ ರಾಜ್ಯದಲ್ಲಿ 2025ರ ಫೆಬ್ರವರಿಯಲ್ಲಿ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ಬಂತು, ಆಮೇಲೆ ಕಾಯ್ದೆಯೇ ಆಯಿತು. ಬಲವಂತದ ವಸೂಲಿಗೆ ಹತ್ತು ವರ್ಷದ ತನಕ ಜೈಲು, ಐದು ಲಕ್ಷದ ತನಕ ದಂಡ.

ಒಂದು ಕಂತು ತೀರಿಸಲು ಇನ್ನೊಂದು ಸಾಲ ಮಾತ್ರ ಮತ್ತೆ ಬೇಡ ಅಕ್ಕ. ನೀವೇ ಒಪ್ಪಿದ್ದೀರಿ, ಹೆಚ್ಚು ಹೇಳಲ್ಲ.

ಅತ್ತೆಯವರ ಸಕ್ಕರೆ, ಬಿಪಿ ಗುಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಪುಕ್ಕಟೆ ಕೊಡುತ್ತಾರೆ. ಅಲ್ಲಿ ಇಲ್ಲದ್ದು ಜನೌಷಧಿ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತದೆ. ನಮ್ಮ ತಂದೆಗೆ ತಿಂಗಳಿಗೆ 900 ಆಗುತ್ತಿದ್ದದ್ದು ಈಗ 240.

ಗುಳೆ_ಬಸ್ (ದೇವದುರ್ಗ, ಈಗ ಬೆಂಗಳೂರು)

ಯಾರೂ ಗುಳೆ ಸುದ್ದಿ ತೆಗೀಲಿಲ್ಲ, ನಾನೇ ತೆಗೀತೀನಿ. ನಮ್ಮ ಕಡೆ ಸಂಜೀ ಬಸ್ಸಿನ್ಯಾಗ ಗಂಟು, ಕೊಡ, ಕೋಳಿ ಸಮೇತ ಹತ್ತೋ ಮಂದಿಯೊಳಗ ನಾವೂ ಇದ್ವಿ. ಆರು ವರ್ಷಾತು.

ಬರೋ ಯೋಚನೆ ಇದ್ರ ಮೇಸ್ತ್ರಿ ಮುಂಗಡ ಮುಟ್ಟಬ್ಯಾಡ್ರಿ. ಹತ್ತು ಸಾವಿರ ಮುಂಗಡ ತಗೊಂಡ್ರ ಅವ ಹೇಳಿದ ಕೂಲಿಗೇ ದುಡೀಬೇಕು, ಬಿಟ್ಟು ಬರಾಕ ಆಗಂಗಿಲ್ಲ. ಬಸ್ ಚಾರ್ಜು ಹೊಂದಿಸ್ಕೊಂಡು ಬರ್ರಿ, ಪರಿಚಯದೋರ ಶೆಡ್ಡಿಗೇ ಬರ್ರಿ.

ನಾವು ಆರು ಮನಿಯೋರು ಒಂದೇ ಶೆಡ್ಡಿನ ಸಾಲಿನ್ಯಾಗ ಅದೀವಿ. ಒಂದೇ ಒಲಿ. ಕೆಲಸಕ್ಕ ಹೋಗಲಾರದ ಅಜ್ಜಿ ಒಬ್ಬಾಕಿ ಅದಾಳ, ಆರೂ ಮನಿ ಕೂಸು ನೋಡ್ಕೋತಾಳ, ಅಡಿಗಿ ಮಾಡ್ತಾಳ. ಆಕಿ ಪಾಲಿನ ರೊಕ್ಕ ಆರು ಮನಿಯೋರೂ ಹಾಕ್ತೀವಿ. ರೇಷನ್ ಕಾರ್ಡು ಊರಿಂದೇ ಇದ್ರೂ ಇಲ್ಲಿ ನ್ಯಾಯಬೆಲೆ ಅಂಗಡ್ಯಾಗ ಹೆಬ್ಬೆಟ್ಟು ಒತ್ತಿದ್ರ ಅಕ್ಕಿ ಕೊಡ್ತಾರ. ಇದು ಗೊತ್ತಿಲ್ಲದ ನಾವು ಎರಡು ವರ್ಷ ಅಕ್ಕಿ ಕೊಂಡು ತಿಂದೀವಿ. ಗಾರೆ ಕೆಲಸ 90 ದಿನ ಮಾಡಿದ್ರ ಕಟ್ಟಡ ಕಾರ್ಮಿಕರ ಕಾರ್ಡು ಮಾಡಿಸ್ರಿ.

ಆದ್ರ ಮಕ್ಕಳನ್ನ ಕರ್ಕೊಂಡು ಬರಬ್ಯಾಡ್ರಿ. ಊರಾಗ ಶಾಲಿ ಅದ, ಬಿಸಿಯೂಟ ಅದ, ವಾರಕ್ಕ ಆರು ದಿನ ತತ್ತಿ ಕೊಡ್ತಾರ. ಇಲ್ಲಿ ಮರಳಿನ ಗುಡ್ಡಿ ಮ್ಯಾಲ ಆಡ್ತಾವ, ಶಾಲಿ ಹೆಸರೇ ಮರೀತಾವ. ನನ್ನ ದೊಡ್ಡ ಮಗ ಹಂಗೇ ಆರನೇತ್ತಿಗೆ ಬಿಟ್ಟ. ಈಗ ಸೆಂಟ್ರಿಂಗ್ ಕೆಲಸ ಮಾಡ್ತಾನ, ನನಗಿಂತ ಜಾಸ್ತಿ ದುಡೀತಾನ. ಅವನ ಕೈಲೆ ರೊಕ್ಕ ಇಸ್ಕೊಳ್ಳಾಕ ನನಗ ನಾಚಿಕಿ.

ದಾರ_ಕತ್ತರಿ (ಬಳ್ಳಾರಿ)

ಜೀನ್ಸ್ ಕೆಲಸ ಯಾರಿಗಾದ್ರೂ ಬೇಕಾದ್ರೆ ನೋಡಿ. ಹೊಲಿಯೋಕೆ ಬರಬೇಕು ಅಂತಿಲ್ಲ. ಹೊಲಿದು ಬಂದ ಪ್ಯಾಂಟಿಗೆ ಅಲ್ಲಲ್ಲಿ ದಾರದ ಎಳೆ ಬಿಟ್ಟಿರ್ತಾವೆ, ಅವನ್ನ ಕತ್ತರಿಸೋದು. ಪೀಸಿನ ಲೆಕ್ಕ. ಮನೆಯಲ್ಲೇ ಕೂತು ಮಾಡ್ಬೋದು. ದುಡ್ಡು ಸಣ್ಣದೇ: ನಾನು, ಮಗಳು ಸೇರಿ ಸಂಜೆ ಹೊತ್ತು ಮಾಡಿದ್ರೆ ದಿನಕ್ಕೆ ನೂರೈವತ್ತು ಆಗ್ತದೆ. ಹೆಬ್ಬೆರಳಿನ ಸಂದಿ ಗಂಟು ಕಟ್ತದೆ, ಅಂಗೈ ನೀಲಿ ಆಗ್ತದೆ. ಆ ನೀಲಿ ಅನ್ನ ಕಲಸುವಾಗ ಅನ್ನಕ್ಕೂ ಹತ್ತಿದಂಗೆ ಕಾಣ್ತದೆ, ನಿಜಕ್ಕೂ ಹತ್ತಲ್ಲ.

ಆದ್ರೆ ಹಳ್ಳಿಗೆ ಪೀಸು ತಂದುಕೊಡೋರು ಯಾರು? ಆಟೋ ಬಾಡಿಗೆಗೇ ಹೋಗ್ತದೆ. ಹತ್ತು ಮನೆಯವರು ಮಾಡ್ತೀವಿ ಅಂದ್ರೆ ಗುತ್ತಿಗೆಯವರೇ ಗಾಡಿ ಕಳಿಸ್ತಾರೆ. ಒಬ್ಬರಿಗೆ ಯಾರೂ ಬರಲ್ಲ.

ಒಮ್ಮೆ_ಸುಟ್ಟ_ಕೈ (ಮಾನ್ವಿ)

ಎಲ್ಲಾರೂ ಕೂಡಿ ಮಾಡ್ರಿ, ಕೂಡಿ ಮಾಡ್ರಿ ಅಂತ ಹೇಳಾಕ್ಹತ್ತೀರಿ. ಕೂಡಿ ಮಾಡಿದ್ದರಾಗೇ ನಾವು ಮುಳುಗಿದ್ದು. ನಮ್ಮ ಓಣ್ಯಾಗ ಇಪ್ಪತ್ತು ಮಂದಿ ಚೀಟಿ, ತಿಂಗಳಿಗೆ ಸಾವಿರ. ಹನ್ನೊಂದು ತಿಂಗಳು ಚೊಲೊ ನಡೀತು. ಹನ್ನೆರಡನೇ ತಿಂಗಳು ಚೀಟಿ ನಡೆಸಾಕಿ ಮನಿಗೆ ಬೀಗ. ನಂದು ಹನ್ನೊಂದು ಸಾವಿರ ಹೋತು. ಬಂಧು ಬಳಗದಾಕಿ, ಕಂಪ್ಲೇಂಟ್ ಕೊಡಾಕ ನಮ್ಮತ್ತಿ ಬಿಡಲಿಲ್ಲ.

ಆಮ್ಯಾಲ ನಾವು ಐದು ಮಂದಿ ಬ್ಯಾರೆ ಥರ ಸುರು ಮಾಡೀವಿ. ಹರಾಜಿಲ್ಲ, ಬಡ್ಡಿ ಇಲ್ಲ. ತಿಂಗಳಿಗೆ ಇನ್ನೂರು. ಡಬ್ಬಿ ಒಬ್ಬಾಕಿ ಮನ್ಯಾಗ, ಕೀಲಿ ಇನ್ನೊಬ್ಬಾಕಿ ಹತ್ರ, ಲೆಕ್ಕದ ನೋಟ್‌ಬುಕ್ ಮೂರನೇದಾಕಿ ಮಗಳ ಹತ್ರ. ತೆಗೀಬೇಕಂದ್ರ ಮೂವರೂ ಇರಬೇಕು. ದವಾಖಾನಿ, ಶಾಲಿ, ಸಾವು, ಈ ಮೂರಕ್ಕ ಬಿಟ್ರ ತೆಗೆಯಂಗಿಲ್ಲ. ಕೂಡಿದ್ದು ಐದು ಸಾವಿರ ದಾಟಿದ್ರ ಪೋಸ್ಟ್ ಆಫೀಸಿಗೆ. ನಗಬ್ಯಾಡ್ರಿ, ಹೋದ ವರ್ಷ ಒಬ್ಬಾಕಿ ಗಂಡಗ ಹಾವು ಕಡದಾಗ ರಾತ್ರಿ ಹನ್ನೊಂದಕ್ಕ ರಾಯಚೂರಿಗೆ ಗಾಡಿ ಮಾಡಿ ಕಳಿಸಿದ್ದು ಅದೇ ಡಬ್ಬಿ ರೊಕ್ಕ. ಬದುಕ್ಯಾನ.

ಐದಕ್ಕಿಂತ ಹೆಚ್ಚು ಮಂದಿ ಸೇರಸಬ್ಯಾಡ್ರಿ. ಬಾಗಲದಾಗ ನಿಂತು ಕೂಗಿದ್ರ ಕೇಳಿಸೋಷ್ಟು ಹತ್ರದ ಮನಿ ಇರಲಿ.

ಕುಕನೂರು_ಮೇಷ್ಟ್ರು

ಬಳ್ಳಾರಿ ಸೀಮೆಗೆ ಬರಗಾಲ ಹೊಸತಲ್ಲ. 1791–92ರದ್ದು ಡೋಗಿ ಬರ. ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂದು ಆ ಹೆಸರು. 1876–78ರ ಬರದಲ್ಲಿ ಮದ್ರಾಸ್ ಪ್ರಾಂತ್ಯದಲ್ಲೇ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಆ ನೆನಪಿದ್ದ ಹಿರಿಯರು ಹಗೇವು ತೋಡಿ ಜೋಳ ತುಂಬಿಡುತ್ತಿದ್ದರು. ನೆಲದೊಳಗೆ ಬಾವಿಯಂತೆ ತೋಡಿ, ಒಳಗೆ ಹುಲ್ಲಿನ ಹಾಸು ಹಾಕಿ, ಕಾಳು ತುಂಬಿ, ಬಾಯಿಗೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. 1953ರಲ್ಲಿ ಡ್ಯಾಮಿನಿಂದ ನೀರು ಹರಿಯಿತು. ನೆಲ್ಲು ಬಂತು, ಹಗೇವು ಮುಚ್ಚಿದವು. ನಮ್ಮ ಅಜ್ಜನ ಹಗೇವಿನ ಮೇಲೆ ಈಗ ಬೈಕ್ ನಿಲ್ಲಿಸುತ್ತೇವೆ.

ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿನಿಂದ ಟ್ರ್ಯಾಕ್ಟರಿನಲ್ಲಿ ರೊಟ್ಟಿ ಹೋಗುವುದನ್ನು ನೀವೆಲ್ಲ ನೋಡಿದ್ದೀರಿ. ಬೆಳೆ ಇಲ್ಲದ ವರ್ಷವೂ ನಮ್ಮೂರಿನ ಟ್ರ್ಯಾಕ್ಟರು ಖಾಲಿ ಹೋಗಿಲ್ಲ. ಮನೆಗೆ ಹತ್ತು ರೊಟ್ಟಿ ಅಂದರೆ ಯಾರಿಗೂ ಭಾರವಲ್ಲ.

ಸಜ್ಜಿ_ರೊಟ್ಟಿ

ಮೇಷ್ಟ್ರೇ, ಆ ಹತ್ತು ರೊಟ್ಟಿ ಬಡಿಯೋ ಕೈಗೆ ಭಾರ ಐತೋ ಇಲ್ಲೋ ಮನ್ಯಾಗ ಕೇಳಿ ಬರೀರಿ.

ಕುಕನೂರು_ಮೇಷ್ಟ್ರು

ಕೇಳಿದೆ. ಬರೆಯದಿರುವುದೇ ಒಳ್ಳೆಯದು.

ನೇರ_ಮಾತು

ಕಾಲುವೆ_ಕೊನೆ ಅಕ್ಕನವರೇ, ಮೊದಲು ಬರೆದದ್ದು ಒರಟಾಯಿತು. ಆಸ್ಪತ್ರೆಯ ವಿಷಯ ನನಗೆ ಹೊಳೆದಿರಲಿಲ್ಲ. ಆದರೆ ಮದುವೆ-ಮುಂಜಿ ಸಾಲದ ಮಾತು ನಾನು ಹಿಂತೆಗೆಯಲ್ಲ. ನಮ್ಮಣ್ಣ ಮಗಳ ಮದುವೆಗೆ ಎರಡು ಎಕರೆ ಮಾರಿದ. ಮಂಡಕ್ಕಿ ಒಗ್ಗರಣೆ, ಮಿರ್ಚಿಯಲ್ಲಿ ಮುಗಿಸಬಹುದಾಗಿದ್ದ ನಿಶ್ಚಯಕ್ಕೇ ಎಂಬತ್ತು ಸಾವಿರ ಸುರಿದ. ಬೀಗರು ಏನಂದಾರು ಅಂತ. ಈ ವರ್ಷ ನಮ್ಮ ಸಮಾಜದಿಂದ ಸಾಮೂಹಿಕ ಮದುವೆ ಮಾಡೋಣ ಅಂತ ಓಡಾಡ್ತಾ ಇದ್ದೀನಿ. ಹೆಸರು ಬರೆಸಿದವರು ಇಲ್ಲಿತನಕ ಮೂರೇ ಜೋಡಿ. ಅದರಲ್ಲಿ ಒಂದು ನನ್ನ ಮಗಂದು.

ಕಾಲುವೆ_ಕೊನೆ

ಮೂರು ವಾರ ಆಯ್ತು, ಹೇಳಬೇಕು ಅನ್ನಿಸ್ತು.

ಕೌಂಟರ್ ನಂಬರ್ ಎರಡು ಸರ್, ನನ್ನ ಜುಮುಕಿ, ಅತ್ತೆಯ ಬೋರಮಾಳ ಬ್ಯಾಂಕಿಗೆ ಇಟ್ಟು ಕೈಸಾಲ ತೀರಿಸಿದ್ವಿ. ಅತ್ತೆ ತಾನಾಗೇ ಬಿಚ್ಚಿ ಕೊಟ್ಲು. ಕೊಡುವಾಗ ಒಂದು ಮಾತಾಡಲಿಲ್ಲ, ಕೊಟ್ಟಾದ್ಮೇಲೆ ಎರಡು ದಿನ ಮಾತಾಡಲಿಲ್ಲ. ಪ್ರೋನೋಟು ವಾಪಸ್ ಇಸ್ಕೊಂಡು ನಮ್ಮನೆಯವರು ಒಲೆಗೆ ಹಾಕಾಕೆ ಹೋದ್ರು. ನಾನು ಬಿಡಲಿಲ್ಲ, ಸಾಲ ಕೊಟ್ಟೋರ ಕೈಯಿಂದ "ಪೂರ್ತಿ ಮುಟ್ಟಿತು" ಅಂತ ಬರೆಸಿ ಸಹಿ ಹಾಕಿಸಿ ಇಟ್ಟೀನಿ.

ಕಂಪನಿ ಶಾಖೆಗೆ ಅರ್ಜಿ ಕೊಟ್ವಿ. ಒಬ್ಬರು ತಗೊಂಡು ಸೀಲು ಹಾಕಿದ್ರು, ಕಂತು 1900 ಇದ್ದದ್ದು 1150 ಆಯ್ತು. ಇನ್ನೊಬ್ಬರು ಮೇಲಿನೋರನ್ನ ಕೇಳಬೇಕು ಅಂತ ಮೂರು ಸಲ ತಿರುಗಾಡಿಸ್ಯಾರೆ. ಸೋಮವಾರ ಮತ್ತೆ ಹೋಗ್ತೀವಿ.

ಉದ್ರಿ ವಹಿ ಅಣ್ಣ ಹೇಳಿದಂಗೆ ನಮ್ಮೂರ ಅಂಗಡಿಗೆ ನಾನೇ ಹೋಗಿ ಹೇಳಿದೆ. "ಅಷ್ಟೇನಾ, ನಿನ್ನ ಗಂಡ ಯಾಕೆ ನಾ ಕಂಡ್ರೆ ಸೈಕಲ್ ತಿರುವ್ತಾನೆ?" ಅಂದ್ರು. ನಗಬೇಕೋ ಅಳಬೇಕೋ ತಿಳೀಲಿಲ್ಲ.

ದಾರ ಕತ್ತರಿ ಅಕ್ಕ, ಊರಾಗೆ ಏಳು ಮನೆ ಆಗ್ಯಾವೆ. ಇನ್ನು ಮೂರು ಆಗಬೇಕು.

ಇನ್ನೊಂದು. ಐದು ಮನೆಯೋರು ಕೂಡಿ ತೊಗರಿ ತಂದೀವಿ, ಐವತ್ತು ಕೆ.ಜಿ, ರೈತರ ಹತ್ರನೇ ಕೆ.ಜಿಗೆ 70ರಂಗೆ. ಎಣ್ಣೆ ಸವರಿ, ಒಂದು ರಾತ್ರಿ ಮುಚ್ಚಿಟ್ಟು, ನೀರು ಚಿಮುಕಿಸಿ, ಮಾಳಿಗೆ ಮೇಲೆ ನಾಕು ದಿನದಿಂದ ಒಣಗ್ತಾವೆ. ಹತ್ತು ಕೆ.ಜಿಗೆ ಆರೂವರೆ, ಏಳು ಕೆ.ಜಿ ಬೇಳೆ ಬಿದ್ರೆ ಅಂಗಡಿಗಿಂತ ಕೆ.ಜಿಗೆ ಹದಿನೈದು, ಇಪ್ಪತ್ತು ಉಳೀತೈತೆ. ಭಾಳ ಏನಿಲ್ಲ. ಹೊಟ್ಟು, ನುಚ್ಚು ಎಮ್ಮೆ ಇರೋ ಮನೆಯೋರಿಗೆ, ಅವರು ಮಕ್ಕಳಿಗೆ ಮಜ್ಜಿಗೆ ಕೊಡ್ತೀನಿ ಅಂದಾರೆ. ಎಲ್ಲಾ ಆಗೈತೆ, ಒಡೆಯಾಕೆ ಬೀಸೋಕಲ್ಲಿಲ್ಲ! ಊರೆಲ್ಲ ಹುಡುಕಿದ್ವಿ. ಎಲ್ಲರ ಮನೆದೂ ಬಚ್ಚಲ ಕಲ್ಲಾಗಿ ಹೋಗ್ಯಾವೆ. ಸಿರುಗುಪ್ಪ, ಸಿಂಧನೂರು ಕಡೆ ಯಾರ ಮನೆಯಾಗಾದ್ರೂ ಐತಾ?

ಕರಿ_ಹೊಲ

ನಮ್ಮವ್ವನ ಕಲ್ಲು ಅದ, ದನದ ಕೊಟ್ಟಿಗ್ಯಾಗ ಬಿದ್ದದ. ಮ್ಯಾಲಿಂದು, ಕೆಳಗಿಂದು ಎರಡೂ ಕಲ್ಲು ಸರಿ ಅದಾವ, ಹಲ್ಲು ಮೊಂಡಾಗ್ಯಾವ, ಕಲ್ಲು ಕುಟ್ಟೋರು ಶನಿವಾರ ಸಂತಿಗೆ ಬಂದ್ರ ಹೊಡಸಿಡ್ತೀನಿ. ಮ್ಯಾಲಿನ ಗೂಟ ಮಾತ್ರ ಮುರದದ. ಬರುವಾಗ ಜಾಲಿ ಕಟ್ಟಿಗಿದು ಒಂದು ಗೂಟ ಮಾಡಿಸ್ಕೊಂಡು ಬರ್ರಿ ಅಕ್ಕಾ, ಗೇಣುದ್ದ ಇರಲಿ. ಅವ್ವ ತನಗೂ ಎರಡು ಸೇರು ಒಡ್ಕೊಡಬೇಕು ಅಂತಾಳ.